ಮದುವೆ ಫೋಟೊ ಯಾರದ್ದು?

ಹಕ್ಕುಸ್ವಾಮ್ಯದ (ಕಾಪಿರೈಟ್) ಬಗ್ಗೆ ಓದಿದ ಲೇಖನವೊಂದರಲ್ಲಿ, ಅಂತರ್ಜಾಲದಲ್ಲಿ ಸಿಕ್ಕಿದ್ದೆಲ್ಲ ಬಿಟ್ಟಿಯಲ್ಲ ಎಂದಿರುವುದು ಸರಿ. ಆದರೆ ಆ ಹಕ್ಕಿಗೆ ನೋಂದಣಿ ಬೇಕೇಬೇಕು ಎಂದಿರುವುದು ತಪ್ಪು. 1957ರ ಹಕ್ಕುಸ್ವಾಮ್ಯ ಕಾಯ್ದೆಯಡಿ ಕೃತಿ ರೂಪುಗೊಂಡಾಗಲೇ ಹಕ್ಕು ಹುಟ್ಟುತ್ತದೆ.

ಕೊಪ್ಪಳದಲ್ಲಿ ಸ್ಟುಡಿಯೊ ನಡೆಸುವವನು ನಾನು. ಆನೆಗೊಂದಿಯ ಬಂಡೆಗಳ ಮೇಲೆ ಸಂಜೆಬಿಸಿಲಿಗೆ ಕಾದು ಕೂತು ತೆಗೆದ ನನ್ನ ಚಿತ್ರ ಜಾತ್ರೆಯಲ್ಲಿ ಯಾವುದೋ ಅಂಗಡಿಯ ಫ್ಲೆಕ್ಸ್‌ನಲ್ಲಿ ತೂಗಾಡುತ್ತಿತ್ತು. ಮೂಲೆಯಲ್ಲಿದ್ದ ನನ್ನ ಹೆಸರಿನ ಮೇಲೆ ಮಿರ್ಚಿ ಭಜಿ ಕೂರಿಸಿದ್ದರು! ಕೇಳಿದರೆ, ‘ನಿಮಗೂ ಪ್ರಚಾರವಾಯಿತಲ್ಲ’ ಎಂದರು. ಆ ಕಾಯ್ದೆಯ ಸೆಕ್ಷನ್ 52 ವಿಮರ್ಶೆ, ಸಂಶೋಧನೆ, ಸುದ್ದಿಗಾಗಿ ನ್ಯಾಯಯುತ ಬಳಕೆಯನ್ನು ಒಪ್ಪುತ್ತದೆ, ಭಜಿ ಮಾರಾಟವನ್ನಲ್ಲ.

ಹಾಗೆಂದು ನಾವೂ ಸಾಚಾಗಳಲ್ಲ. ಹಣ ಪಡೆದು ತೆಗೆದ ಮದುವೆ ಫೋಟೊಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಸ್ಟುಡಿಯೊ ಗಾಜಿನಲ್ಲಿದ್ದ ಮೂವರು ವಧುಗಳ ಚಿತ್ರಗಳನ್ನು ಕಳೆದ ವಾರ ಇಳಿಸಿದೆ.