ಬೋಂಜೂರ್ ಎಂದವನಿಗೆ ಇಂಗ್ಲಿಷಿನಲ್ಲಿ ಉತ್ತರ

ಕೆನಡಾದ ಒಂಟಾರಿಯೊದಲ್ಲಿ ಓದುತ್ತಿರುವ ನನಗೆ ಕಳೆದ ಅಕ್ಟೋಬರಿನಲ್ಲಿ ಐದು ದಿನ ರಜೆ ಸಿಕ್ಕಿತ್ತು. ಪಕ್ಕದ ಫ್ರೆಂಚ್ ನುಡಿಯ ಪ್ರಾಂತ್ಯ ಕ್ವಿಬೆಕ್‌ಗೆ ಹೋಗಿ ಮಾಂಟ್ರಿಯಲ್ ಮತ್ತು ಕ್ವಿಬೆಕ್ ನಗರ ನೋಡಿಬರುತ್ತೇನೆ ಎಂದಾಗ ಜೊತೆಯಲ್ಲಿರುವವರೆಲ್ಲ ಕೊಟ್ಟ ಧೈರ್ಯ ಒಂದೇ: "ಅಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತೆ, ತಲೆ ಕೆಡಿಸ್ಕೋಬೇಡ." ಬೆಂಗಳೂರಿಗೆ ಕೆಲಸಕ್ಕೆ ಹೊರಟ ಹೊರರಾಜ್ಯದವರಿಗೆ ಅವರ ಸ್ನೇಹಿತರು ಹೇಳುವುದೂ ಇದೇ ಮಾತು ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಮಾಂಟ್ರಿಯಲ್ ಮಟ್ಟಿಗೆ ಆ ಮಾತು ಸುಳ್ಳೇನಲ್ಲ. ಪೇಟೆಯ ಅಂಗಡಿಗಳಲ್ಲಿ ಗಿರಾಕಿಯನ್ನು, ಫ್ರೆಂಚಿನ ನಮಸ್ಕಾರಕ್ಕೆ ಇಂಗ್ಲಿಷಿನದನ್ನು ಸೇರಿಸಿ, "ಬೋಂಜೂರ್-ಹಾಯ್" ಎಂದು ಒಂದೇ ಉಸಿರಿನಲ್ಲಿ ಸ್ವಾಗತಿಸುವ ರೂಢಿಯಿದೆ. ಬಂದವರು ಅದರಲ್ಲಿ ಯಾವುದನ್ನು ಮರಳಿ ಹೇಳುತ್ತಾರೋ ಮುಂದಿನ ವ್ಯವಹಾರವೆಲ್ಲ ಆ ಭಾಷೆಯಲ್ಲಿ. ಕೇಳುವುದಕ್ಕೆ ಸೊಗಸಾದ ಈ ಏರ್ಪಾಡಿನ ಬಾಲದಲ್ಲಿರುವ 'ಹಾಯ್' ಅಲ್ಲಿಯವರನ್ನು ಎಷ್ಟು ಚುಚ್ಚುತ್ತದೆಂದರೆ, ವರ್ತಕರು ಬರೀ ಬೋಂಜೂರ್ ಎಂದೇ ಸ್ವಾಗತಿಸಲಿ ಎಂದು ಕೋರುವ ನಿರ್ಣಯವನ್ನು 2017ರಲ್ಲಿ ಕ್ವಿಬೆಕ್‌ನ ಶಾಸನಸಭೆ ಅವಿರೋಧವಾಗಿ ಅಂಗೀಕರಿಸಿತು.

ರೈಲಿನಲ್ಲಿ ದಾರಿಯುದ್ದಕ್ಕೂ ನಾನು ಬಾಯಿಪಾಠ ಮಾಡಿದ್ದು ಒಂದೇ ವಾಕ್ಯ, "ಅಂ ಕಫೇ, ಸಿಲ್ ವು ಪ್ಲೇ", ಅಂದರೆ ದಯವಿಟ್ಟು ಒಂದು ಕಾಫಿ. ನಿಲ್ದಾಣದ ಬಳಿಯ ಕಾಫಿ ಅಂಗಡಿಯಲ್ಲಿ ಅದನ್ನು ಒಪ್ಪಿಸಿದೆ. ಗಲ್ಲಾದಲ್ಲಿದ್ದ ಹುಡುಗಿ ಮುಗುಳ್ನಕ್ಕು, "ಫಾರ್ ಹಿಯರ್ ಆರ್ ಟು ಗೋ?" ಎಂದಳು. ನನ್ನ ಹಿಂದೆ ಆರೇಳು ಜನ ನಿಂತಿದ್ದರು. ಅವಳು ನನಗೆ ಉಪಕಾರವನ್ನೇ ಮಾಡಿದ್ದಳು. ಆದರೂ ಮುಖಕ್ಕೆ ಹೊಡೆದಂತಾಯಿತು. ಏಕೆಂದರೆ ಜಯನಗರದ ನಮ್ಮ ಮನೆಬಾಗಿಲಿಗೆ ಪಾರ್ಸಲ್ ತಂದ ಹುಡುಗ ತಡವರಿಸುತ್ತ "ಸರ್, ಸೈನ್ ಮಾಡಿ" ಎಂದಾಗ, ಅವನ ಉಚ್ಚಾರಣೆ ಕೇಳಿದ ಮರುಕ್ಷಣವೇ ಹಿಂದಿಗೆ ಹೊರಳಿದವನು ನಾನೇ. ಹೊರಗಿನವರು ಕನ್ನಡ ಕಲಿಯುವುದಿಲ್ಲವೆಂದು ಜಾಲತಾಣದ ಇದೇ ನನ್ನ ಗೋಡೆಯ ಮೇಲೆ ಉದ್ದುದ್ದ ಬರೆದವನೂ ನಾನೇ. ಕಲಿಯಲು ಬಾಯಿ ತೆರೆದವರ ಬಾಯನ್ನು ಸೌಜನ್ಯದಿಂದಲೇ ಮುಚ್ಚಿಸಬಹುದೆಂದು ತಿಳಿಯಲು ನಾನು ಕೆನಡಾದವರೆಗೆ ಹೋಗಬೇಕಾಯಿತು.

ಮೂರನೆಯ ದಿನ ಬಸ್ಸು ಹಿಡಿದು, ಸುಮಾರು 250 ಕಿಲೋಮೀಟರ್ ದೂರದ ಕ್ವಿಬೆಕ್ ನಗರಕ್ಕೆ ಹೋದೆ. 1608ರಲ್ಲಿ ಹುಟ್ಟಿದ ಊರು, ಹಳೆಯ ಭಾಗದ ಸುತ್ತ ಕೋಟೆ. ಅದರ ಚೆಲುವನ್ನು ಫೋಟೊಗಳೇ ಹೇಳುತ್ತವೆ. ಪ್ರವಾಸಿಗಳ ಬೀದಿಯಿಂದ ಹದಿನೈದು ನಿಮಿಷ ಆಚೆ ನಡೆದರೆ 'ಹಾಯ್' ಕೇಳಿಸುವುದಿಲ್ಲ. ನಿಲ್ಲಿ ಎನ್ನುವ ಫಲಕದ ಮೇಲೆ ಫ್ರಾನ್ಸಿನಲ್ಲಿಯೂ 'ಸ್ಟಾಪ್' ಎಂದೇ ಇರುತ್ತದೆ. ಇಲ್ಲಿ ಮಾತ್ರ 'ಅರೆ' ಎಂದು ಬರೆದಿರುತ್ತಾರೆ. ತಿರುವು ತಿರುವಿನಲ್ಲಿಯೂ ರಸ್ತೆಯೇ ನನ್ನನ್ನು ನೋಡಿ "ಅರೆ, ನೀನಿಲ್ಲಿ?" ಎಂದು ಕೇಳಿದಂತಿತ್ತು.

ಅಂಥದೊಂದು ಬೀದಿಯ ಸಣ್ಣ ಹೋಟೆಲಿನಲ್ಲಿ ಬಟಾಣಿ ಸೂಪ್ ಕೇಳಿದೆ. ನಾನು ಸಸ್ಯಾಹಾರಿ, ಆ ಪ್ರಾಂತ್ಯದ ಪ್ರಸಿದ್ಧ ತಿನಿಸು ಪೂಟೀನ್‌ನಲ್ಲಿ ಆಲೂಗಡ್ಡೆ ಮತ್ತು ಚೀಸಿನ ಮೇಲೆ ಸುರಿಯುವ ಗ್ರೇವಿ ಸಾಮಾನ್ಯವಾಗಿ ಮಾಂಸದ್ದು ಎಂದು ತಿಳಿದು ಬಿಟ್ಟಿದ್ದೆ, ಬಟಾಣಿಯಲ್ಲೇನಿರುತ್ತದೆ ಎಂಬ ಧೈರ್ಯ. "ಸಾಂ ವಿಯಾಂಡ್?" ಎಂದು, ಮಾಂಸವಿಲ್ಲ ತಾನೇ ಎಂಬರ್ಥದಲ್ಲಿ, ಕೇಳಿದೆ. ಅಮ್ಮನ ವಯಸ್ಸಿನ ಆಕೆ ಏನೋ ಹೇಳಿದರು, ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ನಿಧಾನವಾಗಿ ಹೇಳಿದರು, ಆಗಲೂ ತಿಳಿಯಲಿಲ್ಲ. ಕೊನೆಗೆ ಆರ್ಡರ್ ಬರೆಯುವ ಚೀಟಿಯ ಮೇಲೆ ದುಂಡಗೆ ಒಂದು ಹೊಟ್ಟೆ, ಎರಡು ಕಿವಿ, ಸುರುಳಿ ಬಾಲ ಬರೆದು ನನ್ನ ಮುಂದಿಟ್ಟರು. ಹಂದಿ! ಆ ಸೂಪಿಗೆ ಹ್ಯಾಮ್ ಹಾಕುವುದೇ ಅಲ್ಲಿಯ ಪದ್ಧತಿಯಂತೆ. ಹ್ಯಾಮ್‌ಗಿರುವ 'ಜಾಂಬೋಂ' ಎಂಬ ಪದವನ್ನು ಆಕೆ ನನ್ನಿಂದ ಮೂರು ಸಲ ಹೇಳಿಸಿ, ಸರಿಬಂದ ಮೇಲೆ ಬ್ರೆಡ್ಡು-ಚೀಸು ತಂದುಕೊಟ್ಟರು. ಐದು ದಿನಗಳಲ್ಲಿ ನಾನು ಫ್ರೆಂಚ್ ಕಲಿತದ್ದು ಆ ಹತ್ತು ನಿಮಿಷ ಮಾತ್ರ, ಅದೂ ಆಕೆಗೆ ಇಂಗ್ಲಿಷ್ ಬಾರದಿದ್ದ ಪುಣ್ಯದಿಂದ.

ಆದರೆ ಕ್ವಿಬೆಕ್ ತನ್ನ ನುಡಿಯನ್ನು ಇಂಥ ಪುಣ್ಯದ ಮೇಲೆ ಬಿಟ್ಟುಕೊಂಡು ಕುಳಿತಿಲ್ಲ. ಮಾಂಟ್ರಿಯಲ್‌ಗೆ ಮರಳಿ, ದಕ್ಷಿಣ ಏಷ್ಯಾದವರು ಬಹಳವಿರುವ ಪಾರ್ಕ್ ಎಕ್ಸ್‌ಟೆನ್ಶನ್‌ನಲ್ಲಿ ಸಾಂಬಾರು ಪುಡಿಗಾಗಿ ಒಂದು ಅಂಗಡಿ ಹೊಕ್ಕೆ. ಗಲ್ಲಾದ ಹುಡುಗಿ ತಾಯಿಯೊಡನೆ ತಮಿಳು, ನನ್ನೊಡನೆ ಇಂಗ್ಲಿಷ್, ತಮ್ಮನೊಡನೆ ಜಗಳಕ್ಕೆ ಫ್ರೆಂಚ್ ಆಡುತ್ತಿದ್ದಳು. ಜಗಳ ಯಾವ ಭಾಷೆಯಲ್ಲಿ ಬರುತ್ತದೋ ಅದೇ ನಮ್ಮ ಭಾಷೆ ಎಂದು ನನ್ನ ಲೆಕ್ಕ. 1960ರ ದಶಕದಲ್ಲಿ ಈ ಊರಿಗೆ ಬಂದ ವಲಸಿಗರಲ್ಲಿ ಬಹುತೇಕರು ಮಕ್ಕಳನ್ನು ಇಂಗ್ಲಿಷ್ ಶಾಲೆಗೇ ಕಳಿಸುತ್ತಿದ್ದರು. 1977ರಲ್ಲಿ, ವೃತ್ತಿಯಿಂದ ಮನೋವೈದ್ಯರಾಗಿದ್ದ ಸಚಿವ ಕಮೀಲ್ ಲೊರಾಂ ಅವರು ತಂದ ಭಾಷಾ ಸನ್ನದು, ಅಂದರೆ ಬಿಲ್ 101, ವಲಸಿಗರ ಮಕ್ಕಳು ಸರ್ಕಾರಿ ವೆಚ್ಚದಲ್ಲಿ ಓದುವುದಾದರೆ ಫ್ರೆಂಚ್ ಶಾಲೆಯಲ್ಲಿಯೇ ಓದಬೇಕೆಂದಿತು. ನಮ್ಮಲ್ಲಿ 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. ನಮ್ಮ ಕೈಯಲ್ಲಿ ಉಳಿದದ್ದು ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ. ಫಲಕವನ್ನು ಓದುವ ಮಕ್ಕಳೇ ಇಲ್ಲದಿದ್ದರೆ ಅಕ್ಷರದ ಅಳತೆ ಹಿಡಿದು ಏನು ಮಾಡುವುದು?

ಹಾಗೆಂದು ಅಲ್ಲಿಯದೆಲ್ಲ ನನಗೆ ಒಪ್ಪಿಗೆಯಲ್ಲ. 2013ರಲ್ಲಿ ಇಟಾಲಿಯನ್ ಹೋಟೆಲೊಂದರ ಮೆನುವಿನಲ್ಲಿ 'ಪಾಸ್ಟಾ' ಎಂದಿದ್ದಕ್ಕೆ, ಅದು ಫ್ರೆಂಚ್ ಅಲ್ಲವೆಂದು, ಕ್ವಿಬೆಕ್ ಸರ್ಕಾರದ ಭಾಷಾ ಕಚೇರಿ ಆಕ್ಷೇಪವೆತ್ತಿ ಜಗತ್ತಿನೆದುರು ನಗೆಪಾಟಲಾಯಿತು, ಅದರ ಮುಖ್ಯಸ್ಥೆ ಹುದ್ದೆ ಬಿಡಬೇಕಾಯಿತು. ಅಲ್ಲಿಯ ಇಂಗ್ಲಿಷ್ ವಿಶ್ವವಿದ್ಯಾಲಯಗಳಿಗೆ ಬರುವ ಬೇರೆ ಪ್ರಾಂತ್ಯಗಳ ವಿದ್ಯಾರ್ಥಿಗಳ ಶುಲ್ಕವನ್ನು ಸುಮಾರು 9,000 ಡಾಲರಿನಿಂದ 12,000ಕ್ಕೆ ಏರಿಸಲು 2023ರಲ್ಲಿ ಮಾಡಿದ ತೀರ್ಮಾನವೂ ನನಗೆ ಸಿಟ್ಟಿನ ಕೆಲಸವಾಗಿಯೇ ಕಾಣುತ್ತದೆ. ಆ ಹುಡುಗರಿಗೆ ಮೊದಲ ವರ್ಷ ಪುಕ್ಕಟೆ ಫ್ರೆಂಚ್ ಪಾಠ ಹೇಳಿಕೊಟ್ಟಿದ್ದರೆ ಅರ್ಧದಷ್ಟು ಜನ ಅಲ್ಲೇ ನಿಲ್ಲುತ್ತಿದ್ದರೇನೋ.

ಹೊರಡುವ ಬೆಳಿಗ್ಗೆ ಅದೇ ನಿಲ್ದಾಣದ ಕಾಫಿ ಅಂಗಡಿಗೆ ಹೋದೆ. ಈ ಸಲ "ಆಂ ಫ್ರಾಂಸೆ, ಸಿಲ್ ವು ಪ್ಲೇ, ಜಾಪ್ರಾಂ" ಎಂದು, ಫ್ರೆಂಚಿನಲ್ಲಿಯೇ ಮಾತಾಡಿ, ಕಲಿಯುತ್ತಿದ್ದೇನೆ ಎಂದು ಮೊದಲೇ ಕೇಳಿಕೊಂಡೆ. ಹುಡುಗಿ ಹುಬ್ಬೇರಿಸಿ, ನಕ್ಕು, "ಸ್ಯೂರ್ ಪ್ಲಾಸ್?" ಎಂದು ಬಿಡಿಸಿ ಬಿಡಿಸಿ ಕೇಳಿದಳು. ಅರ್ಥವಾಗಲಿಲ್ಲ, ಆದರೂ ಠೀವಿಯಿಂದ "ವಿ" ಎಂದೆ. ಕುಳಿತು ಕುಡಿಯುವವರಿಗೆ ಕೊಡುವ ದಪ್ಪ ಪಿಂಗಾಣಿ ಕಪ್ಪಿನಲ್ಲಿ, ಹೊಗೆಯಾಡುವ ಕಾಫಿ ಬಂತು. ನನ್ನ ರೈಲಿಗೆ ಹನ್ನೊಂದು ನಿಮಿಷವಿತ್ತು.