ಬಗ್ಗಿ ನೋಡುವ ಊರುಗಳು

ಪ್ರೇಕ್ಷಣೀಯ ಎನ್ನಿಸಿಕೊಳ್ಳುವ ಯಾವ ವಸ್ತುವಿಗೂ ನಮ್ಮ ಭಾವನವರು ಇಟ್ಟಿರುವುದು ಒಂದೇ ಪರೀಕ್ಷೆ: ಅದನ್ನು ನೋಡಿ ಬಂದ ಮೇಲೆ ಕತ್ತು ನೋಯಬೇಕು. ಶ್ರವಣಬೆಳಗೊಳದ ಬೆಟ್ಟ ಹತ್ತಿ 58 ಅಡಿಯ ಗೊಮ್ಮಟನ ಮುಂದೆ ನಿಂತು, ಕಾಲ್ಬೆರಳಿನಿಂದ ಹೊರಟ ಕಣ್ಣು ಗುಂಗುರುಗೂದಲನ್ನು ಮುಟ್ಟುವಷ್ಟರಲ್ಲಿ ತಲೆಯ ಮೇಲಿನ ಟೋಪಿಯನ್ನು ಹಿಂದಕ್ಕೆ ಬೀಳಿಸಿಕೊಂಡವರಿಗೆ ಈ ಮಾತು ತಪ್ಪೆನಿಸಲಾರದು. ಜೀವಮಾನವೆಲ್ಲ ಸರ್ಕಾರಿ ಎಂಜಿನಿಯರಾಗಿ ಸೇತುವೆ, ಕಟ್ಟಡಗಳನ್ನು ಕಟ್ಟಿಸಿ ನಿವೃತ್ತರಾದ ಭಾವನವರು ಇಂದಿಗೂ ಅಂಗಿಯ ಜೇಬಿನಲ್ಲಿ ಅಳತೆಯ ಟೇಪನ್ನು ಇಟ್ಟುಕೊಂಡೇ ಮನೆಯಿಂದ ಹೊರಡುತ್ತಾರೆ. ಸ್ಟಾಕ್‌ಹೋಮಿನಲ್ಲಿ ಕೆಲಸಕ್ಕಿರುವ ಮಗನ ಮನೆಗೆ ಅಕ್ಕ ಮತ್ತು ಭಾವ ಅಕ್ಟೋಬರಿನಲ್ಲಿ ಒಂದು ತಿಂಗಳ ಮಟ್ಟಿಗೆ ಹೊರಟಾಗ, ಚೀಲ ಎತ್ತಲು ಒಬ್ಬರು ಬೇಕೆಂಬ ನೆಪದಲ್ಲಿ ನಾನೂ ಸೇರಿಕೊಂಡೆ. ಉತ್ತರ ಯುರೋಪಿನ ಊರುಗಳು ಭಾವನವರ ಕತ್ತಿಗೆ ಕೆಲಸ ಕೊಡದೆ ಸೊಂಟಕ್ಕೆ ಕೊಡುತ್ತವೆಂದು ನಮಗೆ ಆಗ ಹೊಳೆದಿರಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಕೋಪನ್‌ಹೇಗನ್ನಿನಲ್ಲಿ. ಸ್ಟಾಕ್‌ಹೋಮಿನಿಂದ ಐದು ಗಂಟೆಗೂ ಮೀರಿ ರೈಲಿನಲ್ಲಿ ಕುಳಿತು, ಮರುದಿನ ಬೆಳಿಗ್ಗೆ ಚಳಿಗಾಳಿಯಲ್ಲಿ ಬಂದರಿನ ದಂಡೆಯುದ್ದಕ್ಕೂ ನಡೆದು, ಜಗತ್ಪ್ರಸಿದ್ಧವಾದ ಪುಟ್ಟ ಮತ್ಸ್ಯಕನ್ಯೆಯ ಮುಂದೆ ನಿಂತೆವು. ಹಾಗೆ ಹೇಳುವುದಕ್ಕಿಂತ, ಅವಳ ಮುಂದೆ ನಿಂತಿದ್ದ ಮೂರು ಬಸ್ಸಿನಷ್ಟು ಜನರ ಹಿಂದೆ ನಿಂತೆವು ಎನ್ನುವುದೇ ಸರಿ. ಸಂದಿಯಲ್ಲಿ ಇಣುಕಿದಾಗ ಕಂಡದ್ದು ನೀರಂಚಿನ ಬಂಡೆಯ ಮೇಲೆ ಮುಖ ತಿರುಗಿಸಿ ಕುಳಿತಿದ್ದ 1.25 ಮೀಟರ್ ಎತ್ತರದ ಕಂಚಿನ ಹುಡುಗಿ. ಎದುರು ದಡದಲ್ಲಿ ಹಿಂದೊಮ್ಮೆ ಹಡಗು ಕಟ್ಟುತ್ತಿದ್ದ ಜಾಗದ ದೊಡ್ಡ ಶೆಡ್ಡುಗಳು. "ಇಷ್ಟೇನಾ?" ಎಂದರು ಭಾವ. ಅದು ಅವರೊಬ್ಬರ ಉದ್ಗಾರವೇನೂ ಆಗಿರಲಿಲ್ಲ. ನಮ್ಮ ಸುತ್ತ ಹಲವು ಭಾಷೆಗಳಲ್ಲಿ ಅದೇ ರಾಗದ ಮಾತು ಕೇಳಿಸುತ್ತಿತ್ತು, ಅರ್ಥವಾಗಲು ಆ ಭಾಷೆಗಳು ಬರಬೇಕಾಗಿರಲಿಲ್ಲ.

ಆಂಡರ್ಸನ್ನನ ಕತೆಯನ್ನು ಆಧರಿಸಿದ ಬ್ಯಾಲೆಯನ್ನು ನೋಡಿ ಮರುಳಾದ ಬಿಯರ್ ಉದ್ಯಮಿ ಕಾರ್ಲ್ ಯಾಕೋಬ್ಸೆನ್ ಈ ಮೂರ್ತಿಯನ್ನು ಮಾಡಿಸಿ ಊರಿಗೆ ಕೊಟ್ಟ. 1913ರ ಆಗಸ್ಟಿನಲ್ಲಿ ಅದು ಬಂಡೆಯೇರಿತು. ಬ್ಯಾಲೆಯ ನರ್ತಕಿ ಬಟ್ಟೆಯಿಲ್ಲದೆ ಕುಳಿತುಕೊಳ್ಳಲು ಒಪ್ಪದ ಕಾರಣ ಶಿಲ್ಪಿ ಎಡ್ವರ್ಡ್ ಎರಿಕ್ಸೆನ್ ತನ್ನ ಹೆಂಡತಿಯನ್ನೇ ಕೂರಿಸಿಕೊಂಡು ಮೈಯನ್ನು ರೂಪಿಸಿದ. ಆಮೇಲೆ ಆ ಹುಡುಗಿ ಪಟ್ಟ ಪಾಡು ಕತೆಯಲ್ಲಿ ಪಟ್ಟದ್ದಕ್ಕೇನೂ ಕಡಿಮೆಯಲ್ಲ. 1964ರಲ್ಲಿ ಯಾರೋ ಅವಳ ತಲೆಯನ್ನು ಗರಗಸದಿಂದ ಕೊಯ್ದೊಯ್ದರು. 1984ರಲ್ಲಿ ಒಂದು ತೋಳು ಹೋಯಿತು. 1998ರಲ್ಲಿ ಮತ್ತೆ ತಲೆ. 2003ರಲ್ಲಿ ಸ್ಫೋಟಕವಿಟ್ಟು ಬಂಡೆಯಿಂದಲೇ ಕೆಡವಿದರು. ಪ್ರತಿ ಸಲವೂ ಊರಿನವರು ಕಂಚು ಕರಗಿಸಿ, ಬೆಸೆದು, ಅವಳನ್ನು ಹಿಂದಿನ ಜಾಗದಲ್ಲೇ ಹಿಂದಿನ ಅಳತೆಯಲ್ಲೇ ಕೂರಿಸಿದ್ದಾರೆ. 2010ರಲ್ಲಿ ಅವಳು ಶಾಂಘೈನ ಜಾಗತಿಕ ಮೇಳಕ್ಕೆ ಹೋಗಿದ್ದಾಗ ಬರಿಬಂಡೆಯನ್ನು ನೋಡಬಾರದೆಂದು ಅಲ್ಲೊಂದು ಪರದೆಯನ್ನಿಟ್ಟು, ಶಾಂಘೈನಲ್ಲಿ ಕುಳಿತ ಅವಳ ನೇರ ಚಿತ್ರವನ್ನು ತೋರಿಸಿದ್ದರಂತೆ. ಇದನ್ನೆಲ್ಲ ನಾನು ಓದಿ ಹೇಳಿದ ಮೇಲೆ ಅಕ್ಕ ಜನರ ನಡುವೆ ದಾರಿ ಮಾಡಿಕೊಂಡು, ಒದ್ದೆ ಕಲ್ಲುಗಳ ಮೇಲೆ ಸೀರೆ ಎತ್ತಿ ಹಿಡಿದು ಇಳಿದು, ಕೊರಳಿನ ಬೆಸುಗೆ ಕಾಣುತ್ತದೆಯೇ ಎಂದು ಬಗ್ಗಿ ನೋಡಿ ಬಂದಳು. ಕಾಣಲಿಲ್ಲವಂತೆ.

ಅದೇ ಊರಿನ ದುಂಡು ಗೋಪುರದಲ್ಲಿ ಭಾವನವರ ಮುನಿಸು ಸ್ವಲ್ಪ ಇಳಿಯಿತು. ಡೆನ್ಮಾರ್ಕಿನ ದೊರೆ ನಾಲ್ಕನೆಯ ಕ್ರಿಶ್ಚಿಯನ್ ನಕ್ಷತ್ರ ನೋಡುವವರಿಗಾಗಿ ಕಟ್ಟಿಸಿದ, 1642ರಲ್ಲಿ ಮುಗಿದ ಈ ಗೋಪುರದೊಳಗೆ ತುದಿಯ ಕೆಲವನ್ನು ಬಿಟ್ಟರೆ ಮೆಟ್ಟಿಲುಗಳೇ ಇಲ್ಲ. ಇಟ್ಟಿಗೆ ಹಾಸಿದ ಇಳಿಜಾರು ಏಳೂವರೆ ಸುತ್ತು ಸುತ್ತಿ, ಸುಮಾರು 209 ಮೀಟರ್ ನಡೆಸಿ ಮೇಲೆ ಬಿಡುತ್ತದೆ. 1716ರಲ್ಲಿ ರಷ್ಯಾದ ಪೀಟರ್ ಚಕ್ರವರ್ತಿ ಇದನ್ನು ಕುದುರೆಯ ಮೇಲೆ ಕುಳಿತೇ ಹತ್ತಿದನೆಂದೂ, ರಾಣಿ ಗಾಡಿಯಲ್ಲಿ ಹಿಂಬಾಲಿಸಿದಳೆಂದೂ ಹೇಳುತ್ತಾರೆ. ಮಂಡಿನೋವಿನ ಅಕ್ಕನಿಗೆ ರಾಣಿಯ ಮೇಲೆ ಹೊಟ್ಟೆಕಿಚ್ಚಾಯಿತು.

ಆಸ್ಲೋಗೆ ಹೋದದ್ದು ಭಾವನವರ ಹಟದಿಂದ. ವಿಗೆಲಾನ್ ಉದ್ಯಾನದಲ್ಲಿ ಒಂದೇ ಬೆಣಚುಕಲ್ಲಿನಲ್ಲಿ ಕೆತ್ತಿದ, 14 ಮೀಟರಿಗೂ ಎತ್ತರವಾದ ಕಂಬವಿದೆ, ಅದರ ಮೈತುಂಬ ಒಬ್ಬರ ಮೇಲೊಬ್ಬರು ತೆವಳುವ 121 ಮನುಷ್ಯರಿದ್ದಾರೆ ಎಂಬುದನ್ನು ಅವರು ಎಲ್ಲಿಯೋ ಓದಿಕೊಂಡಿದ್ದರು. ಮೂವರು ಕಲ್ಲುಕುಟಿಗರು 14 ವರ್ಷ ಕೆತ್ತಿದ ಕಂಬ ಅದು. ಏಕಶಿಲೆ ಎಂಬ ಮಾತಿಗೆ ಕನ್ನಡಿಗರ ಎದೆ ಹಿಗ್ಗುವುದು ಸಹಜ. ಅವರು ಅದರ ಬುಡದಲ್ಲಿ ತೃಪ್ತಿಯಿಂದ ತಲೆ ಎತ್ತಿ ನಿಂತಿದ್ದಾಗ ನಾವು ಸುತ್ತ ನೋಡಿದರೆ ಅಲ್ಲಿದ್ದವರು ಕೆಲವೇ ಮಂದಿ. ಜನವೆಲ್ಲ ಕೆಳಗಿನ ಸೇತುವೆಯ ಮೇಲೆ ಮುಗಿಬಿದ್ದಿತ್ತು. ಅಲ್ಲಿ ಒಂದು ಮೀಟರೂ ಇಲ್ಲದ ಕಂಚಿನ ಪೋರನೊಬ್ಬ ಮುಷ್ಟಿ ಬಿಗಿದು, ಒಂದು ಕಾಲನ್ನೆತ್ತಿ ನೆಲಕ್ಕಪ್ಪಳಿಸುತ್ತ, ಬಾಯಿಬಿಟ್ಟು ರಂಪ ಮಾಡುತ್ತಿದ್ದಾನೆ. ಬಂದವರೆಲ್ಲ ಅವನ ಎಡಗೈ ಹಿಡಿದು ಹಿಡಿದು ಆ ಕೈಯೊಂದು ಬಂಗಾರದಂತೆ ಹೊಳೆಯುತ್ತಿದೆ. ಮನೆಯಲ್ಲಾದರೆ ಹೀಗೆ ಕಿರುಚುವ ಮಗುವಿನ ಹತ್ತಿರ ಯಾರೂ ಸುಳಿಯುವುದಿಲ್ಲ. ಕಂಚಿನದಾದರೆ ಸಾಲುಗಟ್ಟಿ ನಿಂತು ಸಮಾಧಾನ ಮಾಡುತ್ತಾರೆ.

ಸ್ಟಾಕ್‌ಹೋಮಿಗೆ ಮರಳಿದ ಮೇಲೆ ಹಳೆಯ ಪಟ್ಟಣವಾದ ಗಾಮ್ಲಾ ಸ್ಟಾನನ್ನು ಸಾವಕಾಶವಾಗಿ ಸುತ್ತಿದೆವು. ಮಾರ್ಟೆನ್ ಟ್ರೋಟ್ಸಿಗ್ ಎಂಬವನ ಹೆಸರಿನ ಓಣಿಯನ್ನು ಊರಿನಲ್ಲೇ ಅತ್ಯಂತ ಇಕ್ಕಟ್ಟಿನದೆಂದು ಹೆಮ್ಮೆಯಿಂದ ತೋರಿಸುತ್ತಾರೆ. 36 ಮೆಟ್ಟಿಲಿನ ಆ ಓಣಿ ತೀರ ಕಿರಿದಾದ ಕಡೆ 90 ಸೆಂಟಿಮೀಟರ್ ಅಗಲವಿದೆ. ಹತ್ತೊಂಬತ್ತನೆಯ ಶತಮಾನದ ನಡುವೆ ಬೇಲಿ ಹಾಕಿ ಮುಚ್ಚಿದ್ದ ಇದನ್ನು 1945ರಲ್ಲಿ ತೆರೆದರಂತೆ. ಭಾವನವರು ಟೇಪು ಹಿಡಿದು ಅಳೆದು ನೋಡಿ, ನಮ್ಮಲ್ಲಿ ಇಂಥದ್ದಕ್ಕೆ ಬಚ್ಚಲ ನೀರು ಹರಿಯುವ ಸಂದಿ ಎನ್ನುತ್ತಾರೆ ಎಂದರು. ಓಣಿಯ ಹೆಸರಿನಲ್ಲಿರುವವನು ಕಬ್ಬಿಣ, ತಾಮ್ರದ ವ್ಯಾಪಾರದಲ್ಲಿ ಹೇರಳವಾಗಿ ಗಳಿಸಿದ ಜರ್ಮನ್ ವರ್ತಕ. ಅಷ್ಟು ದೊಡ್ಡ ಸಾಹುಕಾರನ ಹೆಸರು ಉಳಿದಿರುವುದು ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕಾದ ಈ ಸಂದಿಯಿಂದ.

ಅಲ್ಲಿಂದ ಸ್ವಲ್ಪ ದೂರದಲ್ಲಿ, ಅರಮನೆಯ ಮಗ್ಗುಲಿಗೆ, ಒಂದು ಕಾಲದಲ್ಲಿ ಚೆಂಡಾಟದ ಮನೆಯಾಗಿದ್ದು ಆಮೇಲೆ ಫಿನ್ಲೆಂಡಿನವರ ಇಗರ್ಜಿಯಾದ ಕಟ್ಟಡವಿದೆ. ಅದರ ಹಿಂದಿನ ಸಣ್ಣ ಅಂಗಳದಲ್ಲಿ ಒಂದು ಮೂರ್ತಿಯಿದೆಯೆಂದು ಅಕ್ಕನ ಮಗ ಕರೆದುಕೊಂಡು ಹೋದ. ಅಂಗಳಕ್ಕೆ ಬಂದು ನಿಂತೆವು, ಸುತ್ತ ನೋಡಿದೆವು, ಎಲ್ಲಿಯೂ ಏನೂ ಕಾಣಲಿಲ್ಲ. "ಕೆಳಗೆ ನೋಡಿ, ಅಪ್ಪ" ಎಂದ ಹುಡುಗ. ಮೊಣಕಾಲೆತ್ತರದ ಕಲ್ಲುಕಟ್ಟೆಯ ಮೇಲೆ, ಮಂಚದಂಥ ಪುಟ್ಟ ಪೀಠದಲ್ಲಿ, ಮಂಡಿಗಳನ್ನು ತಬ್ಬಿಕೊಂಡು ಕುಳಿತಿದ್ದ ಕಬ್ಬಿಣದ ಹುಡುಗ. ಎತ್ತರ 15 ಸೆಂಟಿಮೀಟರ್, ಅಂದರೆ ನನ್ನ ಗೇಣಿಗೂ ಕಡಿಮೆ. ಲಿಸ್ ಎರಿಕ್ಸನ್ ಎಂಬ ಶಿಲ್ಪಿ 1954ರಲ್ಲಿ ಮಾಡಿದ ಇದನ್ನು 1967ರಲ್ಲಿ ಇಲ್ಲಿಟ್ಟರು. ಚಂದ್ರನನ್ನು ನೋಡುವ ಹುಡುಗ ಎಂದು ಅದರ ಹೆಸರು. ಅವನು ತಲೆಯೆತ್ತಿ ಚಂದ್ರನನ್ನು ನೋಡುತ್ತಾನೆ, ನಾವು ತಲೆ ತಗ್ಗಿಸಿ ಅವನನ್ನು ನೋಡಬೇಕು. ಬಂದವರು ಸವರಿ ಸವರಿ ಅವನ ನೆತ್ತಿ ನುಣುಪಾಗಿತ್ತು. ಮುಂದೆ ಒಂದಷ್ಟು ಚಿಲ್ಲರೆ ಕಾಸು, ಕಾಗದ ಸುತ್ತಿದ ಒಂದು ಮಿಠಾಯಿ; ಯಾರೋ ಕೊರಳಿಗೊಂದು ಉಣ್ಣೆಯ ಪಟ್ಟಿಯನ್ನು ಸುತ್ತಿದ್ದರು. ಚಳಿಗಾಲದಲ್ಲಿ ಅವನಿಗೆ ಟೋಪಿ ಹೆಣೆದು ತೊಡಿಸುವುದು ಇಲ್ಲಿನವರ ವಾಡಿಕೆಯಂತೆ. ಭಾವನವರು ಇದನ್ನು ಸ್ಮಾರಕಗಳ ಪಟ್ಟಿಗೆ ಸೇರಿಸಿದವರ ವಿವೇಚನೆಯ ಬಗ್ಗೆ ಒಂದು ಸಣ್ಣ ಭಾಷಣ ಮಾಡಿದರು. ಅಕ್ಕ ಕೇಳಿಸಿಕೊಳ್ಳಲಿಲ್ಲ. ಅವಳು ಕಟ್ಟೆಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಆ ಬರಿತಲೆಯನ್ನೇ ನೋಡುತ್ತಿದ್ದಳು.

ಭಾವನವರ ಕತ್ತು ಕೊನೆಗೂ ನೊಂದದ್ದು ವಾಸಾ ಹಡಗಿನ ಮುಂದೆ. ಮಬ್ಬು ಬೆಳಕಿನ ಆ ವಸ್ತುಸಂಗ್ರಹಾಲಯಕ್ಕೆ ಕಾಲಿಟ್ಟವರ ಮಾತು ತಾನಾಗಿ ನಿಲ್ಲುತ್ತದೆ. 69 ಮೀಟರ್ ಉದ್ದದ, ಕಪ್ಪುಗಟ್ಟಿದ ಓಕ್ ಮರದ ಮಹಾನೌಕೆ. ಹಿಂಬದಿಯ ತುಂಬ ಸಿಂಹಗಳು, ರೋಮನ್ ಚಕ್ರವರ್ತಿಗಳು, ದೇವತೆಗಳು. ಎರಡು ಅಂತಸ್ತುಗಳಲ್ಲಿ ಫಿರಂಗಿಗಳ ಕಿಂಡಿಗಳು. ಭಾವನವರು ಟೋಪಿಯನ್ನು ಕೈಗೆ ತೆಗೆದುಕೊಂಡು, ತಲೆಯನ್ನು ಹಿಂದಕ್ಕೆ ಚೆಲ್ಲಿ, ಇದು ನೋಡತಕ್ಕದ್ದು ಎಂದರು. ಅದು ಎಷ್ಟು ಯುದ್ಧಗಳನ್ನು ಗೆದ್ದಿತೆಂದು ಕೇಳಿದರು. ಒಂದನ್ನೂ ಇಲ್ಲ. 1628ರ ಆಗಸ್ಟ್ 10ರಂದು ಊರೆಲ್ಲ ದಂಡೆಯ ಮೇಲೆ ನೆರೆದು ನೋಡುತ್ತಿದ್ದಾಗ ಮೊದಲ ಯಾನಕ್ಕೆ ಹೊರಟ ವಾಸಾ, ಸುಮಾರು 1,300 ಮೀಟರ್ ಸಾಗುವಷ್ಟರಲ್ಲಿ ಗಾಳಿ ಬೀಸಿ ಒಂದು ಬದಿಗೆ ವಾಲಿತು. ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿ, ಬಂದರಿನಲ್ಲೇ ಮುಳುಗಿತು. ಸುಮಾರು ಮೂವತ್ತು ಜನ ಸತ್ತರು.

ಇಲ್ಲಿಂದ ಮುಂದೆ ಭಾವನವರಿಗೆ ಯಾರೂ ವಿವರಿಸಬೇಕಾಗಲಿಲ್ಲ. ಅವರು ಸ್ವಂತ ಊರಿಗೆ ಬಂದವರಂತೆ ಆಗಿಬಿಟ್ಟಿದ್ದರು. 64 ಫಿರಂಗಿಗಳ ಭಾರವನ್ನು ಮೇಲೆ ಹೇರಿ, ತಳದಲ್ಲಿ ತಕ್ಕಷ್ಟು ಕಲ್ಲು ತುಂಬಲು ಜಾಗವಿಲ್ಲದಂತೆ ಕಟ್ಟಿದ್ದರೆ ಇನ್ನೇನಾಗುತ್ತದೆ ಎಂದರು. ಹೊರಡುವ ಮುನ್ನ ಮೂವತ್ತು ಮಂದಿಯನ್ನು ಅಟ್ಟದ ಮೇಲೆ ಆ ಬದಿಯಿಂದ ಈ ಬದಿಗೆ ಓಡಿಸಿ ಪರೀಕ್ಷಿಸಿದ್ದರು. ಮೂರು ಸಲ ಓಡುವಷ್ಟರಲ್ಲಿ ಹಡಗು ಕಟ್ಟೆಯಲ್ಲೇ ಮಗುಚುವಂತಾದಾಗ ಓಟವನ್ನು ನಿಲ್ಲಿಸಿದರೇ ಹೊರತು ಹಡಗನ್ನು ನಿಲ್ಲಿಸಲಿಲ್ಲ. ಹೊರದೇಶದಲ್ಲಿ ಯುದ್ಧಕ್ಕೆ ನಿಂತಿದ್ದ ಗುಸ್ತಾವ್ ಅಡಾಲ್ಫ್ ದೊರೆಯಿಂದ ಬೇಗ ಕಳಿಸಿರೆಂದು ಓಲೆಗಳು ಬರುತ್ತಿದ್ದವು. ಒಳಗೆ ಸಿಕ್ಕ ಬಡಗಿಗಳ ಅಳತೆಕೋಲುಗಳಲ್ಲಿ ಕೆಲವು ಸ್ವೀಡನ್ನಿನ ಅಡಿಯವು, ಕೆಲವು ಆಮ್‌ಸ್ಟರ್‌ಡ್ಯಾಮಿನ ಅಡಿಯವು. ಒಂದರಲ್ಲಿ ಅಡಿಗೆ 12 ಅಂಗುಲ, ಇನ್ನೊಂದರಲ್ಲಿ 11. ಇದನ್ನು ಕೇಳಿ ಭಾವನವರು ಜೇಬಿನ ಟೇಪನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ವಿಚಾರಣೆಯೂ ನಡೆಯಿತು. ಅಳತೆಗಳಿಗೆ ದೊರೆಯದೇ ಒಪ್ಪಿಗೆಯಿತ್ತು. ಕಟ್ಟಿದ ಮುಖ್ಯ ಮೇಸ್ತ್ರಿ ಹಿಂದಿನ ವರ್ಷವೇ ತೀರಿಕೊಂಡಿದ್ದ. ತಪ್ಪು ಯಾರದೆಂದು ಕೇಳಿದರೆ ದೇವರಿಗೇ ಗೊತ್ತು ಎಂದರು. ಯಾರಿಗೂ ಶಿಕ್ಷೆಯಾಗಲಿಲ್ಲ. "ಕಡತ ಮುಕ್ತಾಯ" ಎಂದು ಭಾವ ನಕ್ಕ ನಗುವಿನಲ್ಲಿ ಸಹೋದ್ಯೋಗಿಗಳನ್ನು ನಾಲ್ಕು ಶತಮಾನಗಳ ಆಚೆಯಿಂದ ಗುರುತಿಸಿದ ಸಲಿಗೆಯಿತ್ತು. ಅದೇ ಕಾಲದಲ್ಲಿ ವಿಜಯಪುರದಲ್ಲಿ ಮಹಮ್ಮದ್ ಆದಿಲ್ ಶಾಹಿ ಪಟ್ಟದಲ್ಲಿದ್ದ, ಗೋಳಗುಮ್ಮಟ ಅವನದೇ ಗೋರಿ, ಅದು ಇಂದಿಗೂ ಕದಲದೆ ನಿಂತಿದೆ ಎಂದು ಸೇರಿಸಲು ಅವರು ಮರೆಯಲಿಲ್ಲ.

ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಉಪ್ಪು ಕಡಿಮೆಯಾದ್ದರಿಂದ ಮರ ತಿನ್ನುವ ಹಡಗುಹುಳು ಅಲ್ಲಿ ಬದುಕುವುದಿಲ್ಲ. ಹಾಗಾಗಿ ಮುಳುಗಿದ ಹಡಗುಗಳನ್ನು ಹುಡುಕುತ್ತಿದ್ದ ಆಂಡರ್ಸ್ ಫ್ರಾನ್ಸೆನ್ 1956ರಲ್ಲಿ ನೀರಿನಡಿಯಿಂದ ಕಪ್ಪು ಓಕ್ ಚೂರೊಂದನ್ನು ಕಿತ್ತು ತಂದಾಗ ವಾಸಾ ಹೆಚ್ಚುಕಡಿಮೆ ಇಡಿಯಾಗಿಯೇ ಇತ್ತು. 1961ರ ಏಪ್ರಿಲಿನಲ್ಲಿ, ಮುಳುಗಿ 333 ವರ್ಷಗಳಾಗುತ್ತಿದ್ದಾಗ, ಅದನ್ನು ಮೇಲೆತ್ತಿದರು. ಮರ ಬಿರಿಯದಿರಲೆಂದು 17 ವರ್ಷ ರಾಸಾಯನಿಕವನ್ನು ಸಿಂಪಡಿಸಿದರು. ಗೆದ್ದು ಬಂದ ಹಡಗುಗಳೆಲ್ಲ ಹಳತಾಗಿ, ಒಡೆದು, ಸೌದೆಯಾಗಿ ಹೋದವು. ಈಗ ಜನ ಟಿಕೆಟ್ ಕೊಂಡು ಬಂದು ಒಂದು ಮೈಲಿಯನ್ನೂ ಸಾಗದ ಹಡಗನ್ನು ನೋಡುತ್ತಾರೆ. ಮೇಲಿನ ಅಂತಸ್ತಿನ ಕಟಕಟೆಗೆ ಬಂದರೆ ಇದನ್ನೂ ಬಗ್ಗಿಯೇ ನೋಡಬೇಕು. ಬಗ್ಗಿದಾಗ ಅಟ್ಟದ ಹಲಗೆಗಳು ಕಾಣುತ್ತವೆ, ಆ ಮೂವತ್ತು ಮಂದಿ ಓಡಿದ ಜಾಗ.

ಅದೇ 1956ರಲ್ಲಿ, ನಮ್ಮ ಕನ್ನಡನಾಡು ಒಂದಾದ ವರ್ಷದಲ್ಲಿ, ಸ್ಟಾಕ್‌ಹೋಮಿನ ಪಶ್ಚಿಮಕ್ಕಿರುವ ಹೆಲ್ಗೋ ದ್ವೀಪದ ಮಣ್ಣಿನಲ್ಲಿ ಇನ್ನೊಂದು ವಸ್ತು ಸಿಕ್ಕಿತು. ಇತಿಹಾಸ ಸಂಗ್ರಹಾಲಯದ ಗಾಜಿನ ಹಿಂದೆ ಅದನ್ನು ಕಂಡಾಗ ಅಕ್ಕನಿಗೆ ಕೈ ತಾನಾಗಿ ಮುಗಿದುಹೋಯಿತು: ಪದ್ಮಾಸನದಲ್ಲಿ ಕುಳಿತ ಬುದ್ಧ, ಎತ್ತರ 8.4 ಸೆಂಟಿಮೀಟರ್. ಸುಮಾರು ಆರನೆಯ ಶತಮಾನದಲ್ಲಿ, ಈಗಿನ ಪಾಕಿಸ್ತಾನದ ಸ್ವಾತ್ ಕಣಿವೆಯ ಕಡೆ ಎರಕ ಹೊಯ್ದದ್ದು. ಅಷ್ಟು ದೂರ ಯಾರ ಕೈಯಿಂದ ಯಾರ ಕೈಗೆ ದಾಟಿ ಬಂದಿತೋ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದಾಗಿದ್ದರಿಂದಲೇ ಬಂದಿರಬೇಕು. ಗೊಮ್ಮಟನನ್ನು ಯಾರೂ ಜೇಬಿನಲ್ಲಿಟ್ಟುಕೊಂಡು ಹೊರಡಲಾರರು ಎಂದೆ. ಭಾವನವರು ಮಾತನಾಡಲಿಲ್ಲ. ಮೂಗು ಗಾಜಿಗೆ ತಗಲುವಷ್ಟು ಬಗ್ಗಿ, ಉಸಿರಿನ ಮಂಜನ್ನು ತೋಳಿನಿಂದ ಒರೆಸಿ, ಬುದ್ಧನ ಕಿವಿಯ ಕೆಲಸವನ್ನು ನೋಡುತ್ತಿದ್ದರು.

ಆ ಸಂಜೆ ಮತ್ತೆ ಇಗರ್ಜಿಯ ಅಂಗಳಕ್ಕೆ ಹೋದೆವು. ತಲೆಯ ಸುತ್ತಳತೆ ಬೇಕು ಎಂದು ಅಕ್ಕ ಹೇಳಿದ್ದಕ್ಕೆ ಭಾವನವರು ಟೇಪನ್ನು ತೆಗೆದು, ಮಂಡಿಯೂರಿ, ಎರಡು ಸಲ ಅಳೆದು ಖಾತ್ರಿ ಮಾಡಿಕೊಂಡರು. ಏಳಲು ನನ್ನ ಹೆಗಲು ಬೇಕಾಯಿತು. ಮೊಮ್ಮಗನ ಸ್ವೆಟರಿಗೆಂದು ತಂದ ನೀಲಿ ಉಣ್ಣೆಯಲ್ಲಿ ಅಕ್ಕ ರಾತ್ರಿ ಕುಳಿತು, ದೊಡ್ಡ ನಿಂಬೆಹಣ್ಣಿಗೆ ಹಿಡಿಸುವಂಥ ಕುಲಾವಿಯೊಂದನ್ನು ಹೆಣೆದಳು, ಗಲ್ಲಕ್ಕೆ ಕಟ್ಟುವ ಲಾಡಿಯ ಸಮೇತ. ಮರುದಿನ ತೊಡಿಸಿದಾಗ ಅದು ಒಂದು ಎಳೆಯೂ ಹೆಚ್ಚುಕಡಿಮೆಯಿಲ್ಲದೆ ಕೂತಿತು. ಅಳತೆ ಕೊಟ್ಟವರು ಯಾರು ಎಂಬುದನ್ನು ಭಾವನವರು ಮನೆ ಸೇರುವವರೆಗೆ ನೆನಪಿಸುತ್ತಿದ್ದರು.

ಊರಿಗೆ ಹೊರಡುವ ಹಿಂದಿನ ದಿನ, ದಾರಿಯಲ್ಲೇ ಇದೆಯಲ್ಲ ಎಂದು, ದಾರಿಯಲ್ಲಿಲ್ಲದಿದ್ದರೂ, ಅಲ್ಲಿಗೆ ಹೋದೆವು. ನೀಲಿ ಕುಲಾವಿ ಇರಲಿಲ್ಲ. ಹುಡುಗ ಯಾರೋ ಹೆಣೆದ ಹಳದಿ ಟೋಪಿಯಲ್ಲಿ ಕುಳಿತು ಮೋಡದ ಕಡೆ ನೋಡುತ್ತಿದ್ದ. ಅಕ್ಕ ಕನ್ನಡಕವನ್ನು ಸರಿಪಡಿಸಿಕೊಂಡು, ಬಗ್ಗಿ, ಟೋಪಿಯ ಅಂಚನ್ನು ಎರಡು ಬೆರಳುಗಳಲ್ಲಿ ಹಿಡಿದು ನೋಡಿದಳು.

"ಹೆಣಿಗೆ ಸಡಿಲವಾಯಿತು" ಎಂದಳು. "ಹಿಂದುಗಡೆ ಒಂದು ಕುಣಿಕೆಯೂ ತಪ್ಪಿದೆ."