ಬೆಲ್ಟಿಗೆ ಸೋಪು

ಡಿಸೆಂಬರ್ ತಿಂಗಳಲ್ಲಿ ಬೆಳಗಿನ ಆರೂವರೆಗೆ ಆಲ್ದೂರಿನ ಸುತ್ತಮುತ್ತ ಕಣ್ಣಿಗೆ ಏನೂ ಕಾಣುವುದಿಲ್ಲ. ಬರೀ ಮಂಜು. ಅದಕ್ಕೇ ಇರಬೇಕು, ಕಿವಿಗೆ ಎಲ್ಲವೂ ಜಾಸ್ತಿ ಕೇಳಿಸುತ್ತದೆ. ಅವತ್ತು ನಮ್ಮ ಲಾರಿ ಸ್ಟಾರ್ಟ್ ಆಗಿದ್ದೇ ತಡ, ಕಿಚ್ ಕಿಚ್ ಕಿಚ್ ಅಂತ ಶುರುವಾಯಿತು. ಪಕ್ಕದ ಮನೆಯ ನಾಯಿ ಎದ್ದಿತು. ನಾಯಿಯ ಹಿಂದೆ ಪಕ್ಕದ ಮನೆಯವರೂ ಎದ್ದರು. ಎದ್ದವರು ಮುಖ ತೊಳೆದು ಕಾಫಿ ಕುಡಿಯಬಾರದಾ? ಮಫ್ಲರ್ ಸುತ್ತಿಕೊಂಡು ಬೇಲಿಯ ತನಕ ಬಂದರು. ಮಂಜಿನೊಳಗಿಂದ ಒಂದೇ ಮಾತು ತೇಲಿಬಂತು.

"ಫ್ಯಾನ್ ಬೆಲ್ಟು."

ಫ್ಯಾನ್ ಬೆಲ್ಟು ಅಂತ ನನಗೂ ಗೊತ್ತಿತ್ತು. ಆದರೆ ಬೇರೆಯವರ ಬಾಯಲ್ಲಿ ಕೇಳಿದಾಗ ಏನೋ ನಮ್ಮ ಮನೆಯ ಗುಟ್ಟು ಬಯಲಾದ ಹಾಗೆ ಅನಿಸುತ್ತದೆ.

ಲಾರಿ ಅಂದರೆ ದೊಡ್ಡದೇನಲ್ಲ, ಮಿನಿ ಲಾರಿ. ನಾನೂ ನನ್ನ ತಮ್ಮನೂ ಸೇರಿ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಕೊಯ್ಲಿನ ಕಾಲದಲ್ಲಿ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಕಾಫಿ ಮೂಟೆ ಹೊರುತ್ತದೆ. ಉಳಿದಂತೆ ಗೊಬ್ಬರ, ಸೌದೆ, ಮದುವೆ ಮನೆಯ ಪಾತ್ರೆ. ಬಾಬಾ ಬುಡನ್ ಅವರು ಯೆಮನ್‌ನಿಂದ ನಮ್ಮ ಬೆಟ್ಟಕ್ಕೆ ಏಳು ಕಾಫಿ ಬೀಜ ತಂದರು ಅಂತ ಐತಿಹ್ಯ. ಏಳೇ ಏಳು. ಪುಣ್ಯವಂತರು, ಲಾರಿ ಬೇಕಾಗಲಿಲ್ಲ.

ಆ ಶಬ್ದ ಕೇಳುತ್ತಾ ಕೇಳುತ್ತಾ ನನಗೆ ಬದುಕಿನ ಬಗ್ಗೆ ಏನೋ ಒಂದು ಹೊಳೆಯಿತು. ಅದನ್ನು ಹೇಳೋಣ ಅಂತಲೇ ಬರೆಯಲು ಕೂತಿದ್ದೇನೆ. ಅದಕ್ಕೆ ಮೊದಲು ಸೋಪಿನ ವಿಷಯ ಮುಗಿಸಿಬಿಡುತ್ತೇನೆ.

ಮನುಷ್ಯ ಕೆಮ್ಮಿದರೆ ಊರೆಲ್ಲ ಕಷಾಯ ಹೇಳುತ್ತದೆ. ಲಾರಿ ಕಿರುಚಿದರೆ ಸೋಪು ಹೇಳುತ್ತದೆ. ಟೀ ಅಂಗಡಿ ಮುಂದೆ ನಿಲ್ಲಿಸಿದ ಐದು ನಿಮಿಷಕ್ಕೆ ನಾಲ್ಕು ಜನ ಬಾನೆಟ್ಟಿನೊಳಗೆ ತಲೆ ಹಾಕಿದ್ದರು. ಒಬ್ಬರು ಮೇಣದಬತ್ತಿ ತಿಕ್ಕಿ ಅಂದರು. ಇನ್ನೊಬ್ಬರು ಮುಖಕ್ಕೆ ಹಾಕುವ ಪೌಡರ್ ಉದುರಿಸಿ ಅಂದರು. ಮತ್ತೊಬ್ಬ ಪುಣ್ಯಾತ್ಮ ಹರಳೆಣ್ಣೆ ಬಿಡಿ ಅಂದ. ರಬ್ಬರಿಗೆ ಎಣ್ಣೆ ತಾಗಿದರೆ ಅದು ಉಬ್ಬುತ್ತದೆ, ಇನ್ನೂ ಜಾರುತ್ತದೆ ಮಾರಾಯ ಅಂದರೆ, "ನಮ್ಮ ಮಾವನ ಟ್ರ್ಯಾಕ್ಟರಿಗೆ ಹಾಕಿದ್ವಿ" ಅಂದ. ಆ ಟ್ರ್ಯಾಕ್ಟರ್ ಈಗ ಎಲ್ಲಿದೆ ಅಂತ ನಾನು ಕೇಳಲಿಲ್ಲ. ಇವರಲ್ಲಿ ಒಬ್ಬರಿಗೂ ಸ್ವಂತ ಗಾಡಿ ಇಲ್ಲ, ಅದು ಬೇರೆ ವಿಷಯ. ಸಲಹೆ ಕೊಡುವವರಿಗೆಲ್ಲ ಒಂದೊಂದು ರೂಪಾಯಿ ದಂಡ ಹಾಕಿದರೆ ನಮ್ಮ ಪಂಚಾಯಿತಿ ರಸ್ತೆಗೆ ಟಾರ್ ಬೀಳುತ್ತಿತ್ತು.

ನಾಲ್ಕನೆಯವನು ಮಾತಾಡಲಿಲ್ಲ. ಸೀದಾ ಮನೆಗೆ ಹೋಗಿ ಪೇಪರಿನಲ್ಲಿ ಸುತ್ತಿದ ಅರ್ಧ ತುಂಡು ಬಟ್ಟೆ ಸೋಪು ತಂದುಕೊಟ್ಟ. ನೀಲಿ ಸೋಪು. "ಹಚ್ಚಿ ನೋಡಿ. ಉಳಿದದ್ದು ವಾಪಸ್ ಕೊಡಿ, ಮನೇಲಿ ಬೈತಾರೆ."

ಹಚ್ಚಿದೆ. ಶಬ್ದ ನಿಂತಿತು. ಮೂರು ಕಿಲೋಮೀಟರ್ ಆದ ಮೇಲೆ ಮತ್ತೆ ಬಂತು, ಈ ಸಲ ಸೋಪಿನ ವಾಸನೆಯ ಜೊತೆಗೆ.

ಬೆಲ್ಟಿಗೆ ಏನಾದರೂ ಹಚ್ಚುವ ಈ ಚಟ ನಮ್ಮವರಿಗೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಹಿಟ್ಟಿನ ಮಿಲ್ಲಿನಿಂದ. ನನ್ನ ಅಜ್ಜಿಯ ಊರು ಅರಸೀಕೆರೆ ಕಡೆ. ಅಲ್ಲಿ ಅದಕ್ಕೆ 'ಮಿಷನ್ನು' ಅನ್ನುತ್ತಿದ್ದರು. ಹೊರಗಡೆ ಡೀಸೆಲ್ ಇಂಜಿನ್ ಡುಗ್ ಡುಗ್ ಅನ್ನುತ್ತಿತ್ತು. ಒಳಗೆ ಮೇಲೊಂದು ಉದ್ದದ ಕಬ್ಬಿಣದ ದಂಡ, ಅದರಿಂದ ಇಳಿಬಿದ್ದ ಅಗಲದ ಚಪ್ಪಟೆ ಬೆಲ್ಟುಗಳು. ಬೆಲ್ಟಿನ ಎರಡು ತುದಿ ಸೇರಿಸಿದ ಕಡೆ ತಗಡಿನ ಹಲ್ಲು ಇರುತ್ತಿತ್ತು. ಅದು ಚಕ್ರದ ಮೇಲೆ ಬಂದಾಗಲೆಲ್ಲ ಟಪ್ ಅನ್ನುತ್ತಿತ್ತು. ರಜೆಗೆ ಹೋದಾಗ ರಾಗಿ ಡಬ್ಬದ ಮೇಲೆ ಕೂತು ಆ ಟಪ್ ಎಣಿಸುವುದೇ ನನಗೆ ಕೆಲಸ.

ಚಪ್ಪಟೆ ಬೆಲ್ಟಿಗೆ ಅಕ್ಕಪಕ್ಕ ತಡೆಯೇನೂ ಇರಲಿಲ್ಲ. ಆದರೂ ಚಕ್ರ ಬಿಟ್ಟು ಬೀಳುತ್ತಿರಲಿಲ್ಲ. ಯಾಕೆ ಅಂತ ಮಿಲ್ಲಿನವನನ್ನು ಕೇಳಿದ್ದೆ. ರೆಪ್ಪೆಯ ತನಕ ಬೆಳ್ಳಗಾಗಿದ್ದ ಮನುಷ್ಯ. ಚಕ್ರದ ಮೈ ಮುಟ್ಟಿಸಿ ತೋರಿಸಿದ. ನಡುವೆ ಸ್ವಲ್ಪ ಉಬ್ಬು, ಎರಡು ಅಂಚಿಗೆ ಇಳಿಜಾರು. ಓಡುವ ಬೆಲ್ಟು ಯಾವಾಗಲೂ ಉಬ್ಬಿನ ಕಡೆಗೇ ಏರುತ್ತದಂತೆ. ಇಳಿಯುವ ಬದಲು ಏರುವ ಆ ಬೆಲ್ಟಿನ ಬುದ್ಧಿ ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ಕಲ್ಲು ನಿಲ್ಲಿಸಬೇಕಾದರೆ ಅವನು ಇಂಜಿನ್ ಆಫ್ ಮಾಡುತ್ತಿರಲಿಲ್ಲ. ಒಂದು ಕೋಲಿನಿಂದ ಬೆಲ್ಟನ್ನು ಪಕ್ಕದ ಖಾಲಿ ಚಕ್ರಕ್ಕೆ ತಳ್ಳುತ್ತಿದ್ದ. ಬೆಲ್ಟು ಅಲ್ಲಿ ಸುಮ್ನೆ ತಿರುಗುತ್ತಿತ್ತು. ಜಾರತೊಡಗಿದರೆ ಚಿಟಿಕೆ ರಾಳದ ಪುಡಿ ಎರಚುತ್ತಿದ್ದ. ಗಮನಿಸಿ, ಅವನು ಹಾಕುತ್ತಿದ್ದದ್ದು ಹಿಡಿತಕ್ಕೆ. ನಮ್ಮವರು ಅದನ್ನು ನೋಡಿ ಕಲಿತದ್ದು ಜಾರುವ ಸೋಪು.

ಮಿಲ್ಲಿನಲ್ಲಿ ಎರಡು ಕಲ್ಲು. ಒಂದು ರಾಗಿಗೆ, ಇನ್ನೊಂದು ಮೆಣಸಿನಕಾಯಿಗೆ. ಒಂದು ದಿನ ಮೆಣಸಿನಕಾಯಿ ಕಲ್ಲಿನ ಬೆಲ್ಟು ಹರಿಯಿತು. ಯಾರದೋ ಮನೆಯಲ್ಲಿ ಮದುವೆ, ಖಾರದ ಪುಡಿ ಅವಸರ. ರಾಗಿ ಕಲ್ಲಿಗೇ ಹಾಕಿಬಿಟ್ಟ. ಆಮೇಲೆ ಬಂದದ್ದು ನಮ್ಮ ಡಬ್ಬ.

ರಾತ್ರಿ ಮುದ್ದೆ, ಹುರುಳಿಕಾಳಿನ ಸಾರು. ತಾತ ಮೊದಲ ತುತ್ತು ನುಂಗಿ ಅಜ್ಜಿಯನ್ನು ಗುರಾಯಿಸಿದರು. ಎರಡನೇ ತುತ್ತಿಗೆ ಕಣ್ಣಲ್ಲಿ ನೀರು. ಸಾರಿಗೆ ಖಾರ ಜಾಸ್ತಿ ಹಾಕಿದ್ದೀಯಾ ಅಂತ ಜಗಳ ಶುರುವಾಯಿತು. ಅಜ್ಜಿ ಸಾರು ಕುಡಿದು ನೋಡಿದರು. ಸರಿ ಇತ್ತು. ಬರೀ ಮುದ್ದೆ ಬಾಯಿಗೆ ಹಾಕಿಕೊಂಡರು. ಮಾತಾಡಲಿಲ್ಲ. ಎದ್ದು, ಒಂದು ಮುದ್ದೆಯನ್ನು ತಟ್ಟೆಗೆ ಹಾಕಿ, ಲಾಟೀನು ನನ್ನ ಕೈಗೆ ಕೊಟ್ಟು, ಆ ರಾತ್ರಿಯಲ್ಲೇ ಮಿಲ್ಲಿನವನ ಮನೆಗೆ ಹೊರಟರು.

"ತಿನ್ನು" ಅಂದರು.

"ಕಲ್ಲು ಗುಡಿಸಿದ್ದೆ ಕಣಮ್ಮಾ."

"ತಿನ್ನಪ್ಪಾ ನೀನು."

ಅವನು ನಿಂತುಕೊಂಡೇ ಪೂರ್ತಿ ಮುದ್ದೆ ತಿಂದ. ಸಾರೂ ಇಲ್ಲದೆ. ಒಂದು ಚೊಂಬು ನೀರು ಕುಡಿದ. ಆಮೇಲೆ ಒದ್ದೆ ಕಣ್ಣಲ್ಲೇ, "ಖಾರ ಏನಿಲ್ಲ ಬಿಡಮ್ಮಾ" ಅಂದ.

ಅವನ ಧೈರ್ಯವನ್ನು ನಾನು ಈಗಲೂ ಮೆಚ್ಚುತ್ತೇನೆ. ಅಜ್ಜಿ ಮೆಚ್ಚಲಿಲ್ಲ. ಆ ರಜೆ ಮುಗಿಯುವ ತನಕ ನಮ್ಮ ರಾಗಿ ನಾಲ್ಕು ಕಿಲೋಮೀಟರ್ ಆಚೆಯ ಮಿಲ್ಲಿಗೆ ಹೋಯಿತು. ಹರಿದದ್ದು ಬೆಲ್ಟು, ಹೊತ್ತದ್ದು ನನ್ನ ತಲೆ.

ಎಲ್ಲಿದ್ದೆ? ಲಾರಿ. ಸೋಪು ಕೆಲಸ ಮಾಡಲಿಲ್ಲ ಅಂತ ಚಿಕ್ಕಮಗಳೂರಿನಲ್ಲಿ ಗೊತ್ತಿದ್ದ ಮೇಸ್ತ್ರಿ ಹತ್ತಿರ ಹೋದೆ. ಹೋಗುವ ದಾರಿಯಲ್ಲಿ ನನ್ನದೇ ಒಂದು ಸಿದ್ಧಾಂತ ತಯಾರಾಗಿತ್ತು. ಚಳಿಗೆ ಬ್ಯಾಟರಿ ಸೋಲುತ್ತದೆ. ಸ್ಟಾರ್ಟ್ ಆದ ಕೂಡಲೇ ಅದನ್ನು ತುಂಬಿಸಲು ಆಲ್ಟರ್ನೇಟರ್ ಒದ್ದಾಡುತ್ತದೆ. ಆ ಭಾರಕ್ಕೆ ಬೆಲ್ಟು ಜಾರಿ ಕಿರುಚುತ್ತದೆ. ಟೈಟ್ ಮಾಡಿದರೆ ಆಯಿತು. ಚೆನ್ನಾಗಿ ಜೋಡಿಸಿ ಹೇಳಿದೆ.

"ಹೌದಾ ಸಾರ್" ಅಂದರು ಮೇಸ್ತ್ರಿ. ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಆಮೇಲೆ ನೀರು ಕೇಳಿದರು. ನಮ್ಮ ಡ್ರೈವರ್ ಕುಡಿಯಲು ಅಂದುಕೊಂಡು ಲೋಟ ತಂದ. ಬೇಕಾಗಿದ್ದದ್ದು ಬಾಟಲಿ. ಮುಚ್ಚಳಕ್ಕೆ ಮೊಳೆಯಿಂದ ತೂತು ಮಾಡಿ, ಓಡುವ ಬೆಲ್ಟಿನ ಒಳಮೈಗೆ ದೂರದಿಂದ ಚಿಮುಕಿಸಿದರು. ಶಬ್ದ ಗಪ್ಪನೆ ನಿಂತಿತು. ಸ್ವಲ್ಪ ಹೊತ್ತಿಗೆ ನೀರು ಆರಿತು, ಕಿಚ್ ಕಿಚ್ ವಾಪಸ್.

"ಲೂಸ್ ಆಗಿದ್ರೆ ನೀರು ಬಿದ್ದಾಗ ಇನ್ನೂ ಜೋರಾಗಿ ಕಿರುಚ್ತಿತ್ತು ಸಾರ್. ಇದು ಕಿರುಚ್ತಿಲ್ಲ, ಚಿಲಿಪಿಲಿ ಅಂತಿದೆ. ಪುಲ್ಲಿ ಲೈನಲ್ಲಿಲ್ಲ. ಟೈಟ್ ಮಾಡಿದ್ರೆ ವಾಟರ್ ಪಂಪಿನ ಬೇರಿಂಗ್ ಹೋಗುತ್ತೆ, ಅಷ್ಟೇ."

ನನ್ನ ಸಿದ್ಧಾಂತ ಅಲ್ಲಿಗೆ ಮುಗಿಯಿತು. ಇಂಜಿನ್ ಆಫ್ ಮಾಡಿಸಿ, ಪುಲ್ಲಿಗಳ ಮುಖಕ್ಕೆ ಅಡ್ಡಲಾಗಿ ಒಂದು ದಾರ ಎಳೆದು ಹಿಡಿದರು. ಗಾರೆ ಕೆಲಸದವರು ಗೋಡೆಗೆ ಹಿಡಿಯುವ ಹಾಗೆ. ಆಲ್ಟರ್ನೇಟರಿನ ಪುಲ್ಲಿ ಒಂದು ಕೂದಲು ಹಿಂದೆ ಸರಿದಿತ್ತು. ಬೆಲ್ಟು ಪ್ರತಿ ಸುತ್ತೂ ಓರೆಯಾಗಿ ಪುಲ್ಲಿಯ ತೋಡಿಗೆ ಇಳಿಯುತ್ತಿತ್ತು. ಒಂದು ಅಂಚು ಸವೆದು ನೂಲು ಎದ್ದಿತ್ತು.

"ಇಲ್ಲೊಂದು ದಪ್ಪ ವಾಷರ್ ಇರ್ಬೇಕು. ಯಾರು ಬಿಚ್ಚಿದ್ದು ಇದನ್ನ?"

ಬಿಚ್ಚಿದ್ದು ನನ್ನ ತಮ್ಮ. ಎರಡು ತಿಂಗಳ ಹಿಂದೆ, ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು, ನಮ್ಮ ಅಂಗಳದಲ್ಲೇ. ಅವನಿಗೆ ಫೋನ್ ಮಾಡಿ ಬೈಯಲು ಮೊಬೈಲ್ ತೆಗೆದೆ. ತೆಗೆದವನು ಹಾಗೇ ನಿಂತೆ. ಆ ವಾಷರ್ ನನಗೆ ಚೆನ್ನಾಗಿ ಗೊತ್ತಿತ್ತು. ಅಂಗಳದಲ್ಲಿ ಬಿದ್ದಿತ್ತು. ಒಳ್ಳೆ ಗಟ್ಟಿ ಕಬ್ಬಿಣ, ಸುಮ್ನೆ ಹಾಳಾಗುತ್ತದಲ್ಲ ಅಂತ ಎತ್ತಿಕೊಂಡು ಕಿಟಕಿಯ ಪರದೆ ಗಾಳಿಗೆ ಹಾರದಂತೆ ಅದರ ಮೂಲೆಗೆ ಕಟ್ಟಿದ್ದೆ. ಪರದೆ ಈಗ ಹಾರುವುದಿಲ್ಲ. ಮೊಬೈಲ್ ಜೇಬಿಗೆ ಹಾಕಿದೆ. ಮೇಸ್ತ್ರಿಗೂ ಹೇಳಲಿಲ್ಲ.

ಅವರು ಡಬ್ಬ ಜಾಲಾಡಿ ಅಳತೆಯ ವಾಷರ್ ಹಾಕಿದರು. ಹೊಸ ಬೆಲ್ಟು ತರಿಸಿದರು. ಇದೆಲ್ಲ ಅರ್ಧ ಗಂಟೆ. ಪುಲ್ಲಿಗಳ ಸಂದಿಯಿಂದ ಸೋಪು ಕೆರೆದು ತೆಗೆಯಲು ಮಾತ್ರ ಒಂದು ಗಂಟೆ ಹಿಡಿಯಿತು. ಕೆರೆಯುವಾಗ ಅವರು ಹೇಳಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಸಂಜೆ ವಾಪಸ್ ಬರುವಾಗ ಟೀ ಅಂಗಡಿ ಮುಂದೆ ನಿಲ್ಲಿಸಿದೆ. ಸೋಪಿನ ಮನುಷ್ಯ ಅಲ್ಲೇ ಇದ್ದ. ಎದ್ದು ಬಂದು, ಕತ್ತು ಓರೆ ಮಾಡಿ ಇಂಜಿನ್ನಿಗೆ ಕಿವಿಕೊಟ್ಟ. ಸದ್ದಿಲ್ಲ.

"ನೋಡಿದ್ರಾ ಅಣ್ಣಾ? ಸೋಪು ಅಂದ್ರೆ ಸೋಪು!"

ನೀರು, ದಾರ, ಪುಲ್ಲಿ, ಎಲ್ಲ ಒಟ್ಟಿಗೆ ನಾಲಿಗೆಗೆ ಬಂತು. ಇನ್ನೇನು ಹೇಳಬೇಕು, ವಾಷರ್ ನೆನಪಾಯಿತು. ವಾಷರಿನ ಹಿಂದೆ ಪರದೆ ನೆನಪಾಯಿತು. ಅವನಿಗೂ ಸೇರಿಸಿ ಎರಡು ಟೀ ಹೇಳಿದೆ.

ಟೀ ಕುಡಿದು ಲೋಟ ಕೆಳಗಿಟ್ಟ. ಎರಡೂ ಕೈ ಒರೆಸಿಕೊಂಡು ನನ್ನ ಮುಂದೆ ಒಂದು ಕೈ ಚಾಚಿದ.

"ಎಲ್ಲಿ, ಉಳಿದ ತುಂಡು ಕೊಡಿ."